ಕಾನೂನು ನೆರವು: ತಿರಸ್ಕರಿಸಿದರೆ ಕಾರಣ ಬರೆದುಕೊಡಲಿ

ಮಾನ್ಯ ಸಂಪಾದಕರೇ,

ಆಸ್ತಿ ಪಾಲು, ಜೀವನಾಂಶದಂಥ ಸಿವಿಲ್ ವ್ಯಾಜ್ಯಗಳಿಗೆ ಉಚಿತ ವಕೀಲರನ್ನು ಕೋರಿದ ಅರ್ಜಿಯನ್ನು 7 ದಿನಗಳೊಳಗೆ ತೀರ್ಮಾನಿಸಬೇಕೆಂಬುದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ನಿಯಮ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಡಿ ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ಮಿತಿಯೇ ಇಲ್ಲ. ಆದಾಯ ಮಿತಿಯಡಿ ಅರ್ಜಿ ಸಲ್ಲಿಸುವವರಿಗೂ ಸಾಮಾನ್ಯವಾಗಿ ಆದಾಯದ ಬಗ್ಗೆ ಅಫಿಡವಿಟ್ (ಪ್ರಮಾಣ ಮಾಡಿದ ಲಿಖಿತ ಹೇಳಿಕೆ) ಸಾಕು. ಆದರೂ ಸಿಂಧನೂರು, ಮಾನ್ವಿ ಕಡೆಯ ಹೆಣ್ಣುಮಕ್ಕಳು ಯಾರದೋ ಮಾತು ನಂಬಿ, ಕೂಲಿ ಬಿಟ್ಟು, ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಯ ಮುಂದೆ ಸಾಲುಗಟ್ಟುತ್ತಾರೆ.

ಅರ್ಜಿ ತಿರಸ್ಕೃತವಾದರೆ ಸಂಬಂಧಪಟ್ಟ ಕಾನೂನು ಸೇವಾ ಸಂಸ್ಥೆಯ ಅಧ್ಯಕ್ಷರಿಗೆ ಮೇಲ್ಮನವಿ ಸಲ್ಲಿಸಬಹುದಾದರೂ, ಅಲ್ಲಿನ ತೀರ್ಮಾನವೇ ಅಂತಿಮವಾದ್ದರಿಂದ, ಮೊದಲ ಹಂತದಲ್ಲಿ ‘ಮೇಲ್ನೋಟಕ್ಕೆ ಪ್ರಕರಣದಲ್ಲಿ ಹುರುಳಿಲ್ಲ’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಕಾರಣವನ್ನೇ ತಿಳಿಯದವರು ಮೇಲ್ಮನವಿಯಲ್ಲಿ ಏನನ್ನು ತಾನೇ ಪ್ರಶ್ನಿಸಿಯಾರು? ತಿರಸ್ಕಾರದ ಕಾರಣವನ್ನೂ ಮೇಲ್ಮನವಿಯ ವಿಧಾನವನ್ನೂ ಕನ್ನಡದಲ್ಲಿ, ಸಹಿ ಸಮೇತ ಬರೆದುಕೊಡುವ ಪದ್ಧತಿಯನ್ನು ರಾಯಚೂರು ಜಿಲ್ಲೆಯ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗಳು ಪಾಲಿಸಬೇಕು.

– ಓದುಗ, ಸಿಂಧನೂರು