ಒಬ್ಬರ ಪೇಪರ್ ಸರಿ ಇಲ್ಲ ಅಂತ ಇಡೀ ಲಾರಿ ಯಾಕೆ ಹಿಡೀತೀರಿ? ನಮ್ಮ ಕ್ಷೇತ್ರದ ಟಿಡಿ (ಐರ್ಲೆಂಡ್ ಪಾರ್ಲಿಮೆಂಟ್ ಸದಸ್ಯ) ಅವರಿಗೆ ಬಹಿರಂಗ ಪತ್ರ

ಮಾನ್ಯರೇ,

ಐರ್ಲೆಂಡಲ್ಲಿ, ನಿಮ್ಮದೇ ಕ್ಷೇತ್ರದಲ್ಲಿ, ಚಿಕ್ಕದೊಂದು ಇಂಡಿಯನ್ ದಿನಸಿ ಅಂಗಡಿ ಇಟ್ಕೊಂಡಿರೋನು ನಾನು. ಇಂಗ್ಲಿಷಲ್ಲಿ ಕಳಿಸಿದ ಮೇಲ್‌ಗಳಿಗೆ ಆಟೋ ರಿಪ್ಲೈ ಬಿಟ್ರೆ ಏನೂ ಬರ್ಲಿಲ್ಲ, ಇಲ್ಲಿರೋ ನಮ್ಮ ಕನ್ನಡದವರಿಗಾದ್ರೂ ಗೊತ್ತಾಗ್ಲಿ ಅಂತ ಈಗ ಎಲ್ಲರ ಮುಂದೆ ಬರೀತಿದೀನಿ.

ಕೇಳೋದು ಒಂದೇ. ಬ್ರಿಟನ್ನಿಂದ ಇಲ್ಲಿಗೆ ಒಂದು ಲಾರೀಲಿ ಹತ್ತಾರು ಜನರ ಮಾಲು ಬರುತ್ತೆ. ಯಾರ ಪೇಪರ್ ಸರಿ ಇಲ್ವೋ ಅವರ ಮಾಲು ಹಿಡೀರಿ, ಉಳಿದವರದ್ದು ಬಿಡಿ.

ಈ ತಪಾಸಣೆ ಶುರುವಾಗಿದ್ದು ಬ್ರೆಕ್ಸಿಟ್‌ನಿಂದ, ಅಂದ್ರೆ ಬ್ರಿಟನ್ ಯುರೋಪಿಯನ್ ಯೂನಿಯನ್ ಬಿಟ್ಟಿದ್ರಿಂದ. ಅದೇನು ರಾತ್ರೋರಾತ್ರಿ ಬಂದಿದ್ದಲ್ಲ. 2016ರ ಜೂನ್‌ನಲ್ಲಿ ಬ್ರಿಟನ್ ವೋಟ್ ಹಾಕ್ತು, ಅವತ್ತಿಂದ ನಾಲ್ಕೂವರೆ ವರ್ಷ ನೀವೆಲ್ಲ ತಯಾರಿ ನಡೀತಿದೆ ಅಂದ್ರಿ. ಡಬ್ಲಿನ್, ರಾಸ್ಲೇರ್ ಬಂದರುಗಳಲ್ಲಿ ತಪಾಸಣೆಗೆ ಜಾಗ ಮಾಡಿದ್ರಿ, 2021ರ ಬಜೆಟ್ಟಲ್ಲಿ ಕೋವಿಡ್ಡು ಬ್ರೆಕ್ಸಿಟ್ಟು ಎರಡಕ್ಕೂ ಸೇರಿ 340 ಕೋಟಿ ಯೂರೋ ನಿಧಿ ಇಟ್ರಿ, ಕಸ್ಟಮ್ಸ್ ಕೆಲಸಕ್ಕೆ ಒಬ್ಬರನ್ನ ತಗೊಂಡ್ರೆ 9,000 ಯೂರೋ ಗ್ರಾಂಟ್ ಅಂದ್ರಿ. ಗಂಡ ಹೆಂಡ್ತಿ ಇಬ್ಬರೇ ನಿಂತು ನಡೆಸೋ ಅಂಗಡೀಲಿ ಕಸ್ಟಮ್ಸ್‌ಗೆ ಅಂತಾನೇ ಒಬ್ಬರನ್ನ ಇಟ್ಕೊಳ್ಳೋಕಾಗುತ್ತಾ ಸರ್? ಮಿಕ್ಕ ಸಂಬಳ ಎಲ್ಲಿಂದ ತರೋದು?

ನನ್ನ ಕಡೆಯಿಂದ ಏನೂ ಬಾಕಿ ಇಟ್ಟಿರ್ಲಿಲ್ಲ. ಕಸ್ಟಮ್ಸ್‌ನವರ ಇಓಆರ್‌ಐ ನೋಂದಣಿ ನಂಬರ್ ತಗೊಂಡೆ, ಕಸ್ಟಮ್ಸ್ ಏಜೆಂಟ್ ಹಿಡಿದೆ. ಬ್ರಿಟನ್ನಿಗೂ ಯುರೋಪಿಯನ್ ಯೂನಿಯನ್ನಿಗೂ ವ್ಯಾಪಾರ ಒಪ್ಪಂದ ಆಗಿದ್ದು ಡಿಸೆಂಬರ್ 24ಕ್ಕೆ, ಜಾರಿ ಜನವರಿ 1ಕ್ಕೆ, ಮಧ್ಯೆ ಒಂದೇ ವಾರ. ಸುಂಕ ಇಲ್ಲ ಅಂದ್ರು, ಆದ್ರೆ ಅದು ಬ್ರಿಟನ್ನಲ್ಲೇ ತಯಾರಾದ ಮಾಲಿಗೆ, ನಮ್ಮ ಬೆಲ್ಲ ಇಂಡಿಯಾದ್ದು, ಹಾಗಾಗಿ ಅಲ್ಲಿಂದ ಇಲ್ಲಿಗೆ ಬಂದ್ರೆ ಸುಂಕ ಕಟ್ಲೇಬೇಕು. ನಿಯಮ ನಿಮಗೆ ಗೊತ್ತಿರೋದೇ. ಕಟ್ಟಿದೀನಿ.

ಸಂಕ್ರಾಂತಿಗೆ ಅಂತ ಜನ ಮುಂಗಡ ಕೊಟ್ಟು ಹೇಳಿದ್ರು, ಅವರೆಕಾಯಿ, ನುಗ್ಗೆಕಾಯಿ ತರಿಸಿದೆ, ಸರ್ಟಿಫಿಕೇಟ್ ಸಮೇತ. ಅದೇ ಲಾರೀಲಿ ಇನ್ಯಾರದ್ದೋ ಪನೀರ್ ಇತ್ತಂತೆ, ಅದಕ್ಕೆ ಪಶುವೈದ್ಯರ ಸಹಿ ಇರೋ ಹೆಲ್ತ್ ಸರ್ಟಿಫಿಕೇಟ್ ಇರ್ಲಿಲ್ಲ. ಲಾರಿ ಬಂದರಲ್ಲೇ ನಿಂತ್ಹೋಯ್ತು. ಏಜೆಂಟ್‌ಗೆ ಫೋನ್ ಮಾಡಿದ್ರೆ ಬಂದರಿನ ಅಧಿಕಾರಿಗಳನ್ನ ಕೇಳಿ ಅಂತಾನೆ, ಅವರಿಗೆ ಮಾಡಿದ್ರೆ ಏಜೆಂಟನ್ನೇ ಕೇಳಿ ಅಂತಾರೆ. ಮಾಲು ಕೈಗೆ ಬಂದಾಗ ಹಬ್ಬ ಮುಗಿದಿತ್ತು. ಚೀಲ ಬಿಚ್ಚಿದ್ರೆ ಅವರೆಕಾಯಿ ಸಿಪ್ಪೆ ಕಪ್ಪಗಾಗಿ ಒಂದಕ್ಕೊಂದು ಅಂಟ್ಕೊಂಡಿತ್ತು, ಸೊಗಡು ಇರ್ಬೇಕಾದ ಕಡೆ ಕೊಳೆತ ವಾಸನೆ, ನನ್ನ ಹೆಂಡ್ತಿ ಒಂದಿಷ್ಟಾದ್ರೂ ಉಳಿಯುತ್ತೇನೋ ಅಂತ ಒಂದೊಂದೇ ಸುಲಿದು ನೋಡಿದ್ಲು, ಕಾಳೆಲ್ಲ ಲೋಳೆ. ಮುಂಗಡ ಕೊಟ್ಟವರಿಗೆಲ್ಲ ದುಡ್ಡು ವಾಪಸ್ ಕೊಟ್ವಿ. ಲಾರಿ ನಿಂತಿದ್ದಕ್ಕೆ ಬಿಲ್ಲು ಬೇರೆ ಬಂತು, ಅದರಲ್ಲಿ ನನ್ನ ಪಾಲೂ ಇದೆ. ಯಾವ ತಪ್ಪಿಗೆ ಸರ್ ಇದು? ಪನೀರ್ ನನ್ನದಾ?

ದೊಡ್ಡ ಸೂಪರ್‌ಮಾರ್ಕೆಟ್‌ನವರ ಲಾರೀಲಿ ಪೂರ್ತಿ ಅವರದ್ದೇ ಮಾಲು, ಅವರ ತಪ್ಪಿಗೆ ಅವರೇ ಹೊಣೆ. ಅರ್ಧ ಪ್ಯಾಲೆಟ್ ತರಿಸೋ ನಮ್ಮಂಥವರು ಕಂಡೋರ ತಪ್ಪಿಗೆ ದಂಡ ಕಟ್ಬೇಕು. ಬ್ರೆಕ್ಸಿಟ್ ಹೊಡೆತಕ್ಕೆ ಅಂತ ಯುರೋಪಿಯನ್ ಯೂನಿಯನ್ 500 ಕೋಟಿ ಯೂರೋ ತೆಗೆದಿಡ್ತಿದೆ, ಅದರಲ್ಲಿ ಐರ್ಲೆಂಡಿಗೇ ಜಾಸ್ತಿ ಪಾಲು ಅಂತಿದಾರೆ. ಆ ದುಡ್ಡಲ್ಲಿ ಬಂದರಲ್ಲೇ ಮಾಲು ಇಳಿಸಿ ಬೇರೆ ಮಾಡೋಕೆ ಒಂದು ಕೋಲ್ಡ್ ಸ್ಟೋರ್ ಮಾಡ್ಸಿ, ಜನ ಹಾಕಿ. ತಪ್ಪಿದವರದ್ದು ಹಿಡೀರಿ, ನಮ್ಮದು ಬಿಡಿ.

ಮುಂದಿನ ಲೋಡ್ ಈ ಶುಕ್ರವಾರ ಬ್ರಿಟನ್ನಿನ ಹಾಲಿಹೆಡ್ ಬಂದರಿಂದ ಹೊರಡುತ್ತೆ. ತರಕಾರಿ ಹಾಕಿಸ್ಬೇಕೋ ಬೇಡ್ವೋ ಅಂತ ಗುರುವಾರದೊಳಗೆ ಹೇಳ್ಬೇಕು ನಾನು. ಅಷ್ಟರೊಳಗೆ ಉತ್ತರ ಕೊಡಿ, ಆಟೋ ರಿಪ್ಲೈ ಬೇಡ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಅಂಗಡಿಯವನು
ಜನವರಿ 2021