ದ್ವೀಪ ದೇಶಕ್ಕೆ ಸಾಲ ಯಾಕೆ?

ಮಾನ್ಯ ಸಂಪಾದಕರೇ,

ಪುಟ್ಟ ದ್ವೀಪ ದೇಶಗಳಿಗೆ ಅಭಿವೃದ್ಧಿ ಬ್ಯಾಂಕುಗಳು ಸುಮ್ನೆ ದುಡ್ಡು ಹಂಚುತ್ತವೆ ಎಂದು ನಮ್ಮ ಡೊಂಬಿವಲಿಯ ಕನ್ನಡಿಗ ಗೆಳೆಯರು ಗೊಣಗುತ್ತಾರೆ. ಪೆಸಿಫಿಕ್ ಸಾಗರದ ಪುಟ್ಟ ದೇಶ ತುವಾಲು ನೋಡಿ. ಒಂಬತ್ತು ದ್ವೀಪ, ಸುಮಾರು 11 ಸಾವಿರ ಜನ. ನಮ್ಮ ಲೋಕಲ್ ರೈಲಿನ ಎರಡು-ಮೂರು ಟ್ರಿಪ್ ಅಷ್ಟೇ! ಸರ್ಕಾರದ ವರಮಾನ ಹೆಚ್ಚಾಗಿ ವಿದೇಶಿ ಹಡಗುಗಳಿಗೆ ಕೊಡುವ ಮೀನುಗಾರಿಕೆ ಪರವಾನಗಿಯದು. ಡಾಲರ್ ಸಾಲ ಕೊಟ್ಟರೆ ತೀರಿಸೋರು ಯಾರು? ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಅಲ್ಲಿಗೆ ಸಾಲದ ಬದಲು, ತೀರಿಸಬೇಕಿಲ್ಲದ ಅನುದಾನ ಕೊಡುತ್ತಿರುವುದು ಸರಿಯೇ. ಆದರೆ ಆ ಹಣದಲ್ಲಿ ಬಂದರು ಕಟ್ಟಿ ಕೈತೊಳೆದುಕೊಂಡರೆ ಆಗದು. ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಅಲ್ವಾ? ರಿಪೇರಿ ಹಣವನ್ನೂ ಯೋಜನೆಯಲ್ಲೇ ಎತ್ತಿಡಲಿ. 1987ರಲ್ಲಿ ಶುರುವಾದ ತುವಾಲು ಟ್ರಸ್ಟ್ ಫಂಡ್ ಹೂಡಿಕೆಯ ಲಾಭದಿಂದ ಬಜೆಟ್ಟಿಗೆ ನೆರವಾಗುತ್ತದೆ. ದಾನಿಗಳು ಅದಕ್ಕೆ ಇನ್ನಷ್ಟು ಹಣ ಸೇರಿಸಲಿ.

— ಓದುಗ, ಡೊಂಬಿವಲಿ (ಮುಂಬಯಿ ಬಳಿ)