ಹಂಪಿಯ ಕಾಲುವೆಯನ್ನೂ ತೋರಿಸಿ: ಪ್ರವಾಸೋದ್ಯಮ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕಳೆದ ತಿಂಗಳು ನೆಂಟರನ್ನು ಹಂಪಿಗೆ ಕರೆದೊಯ್ದಿದ್ದೆ. ಬಡವಿಲಿಂಗದ ಗುಡಿಯೊಳಗೆ ಇಣುಕಿದ ಹತ್ತು ವರ್ಷದ ಹುಡುಗಿ, ಲಿಂಗದ ಬುಡದಲ್ಲಿರುವ ನೀರು ಮಳೆಯದ್ದೇ ಎಂದು ಕೇಳಿದಳು. ಅದು ಕಾಲುವೆಯ ನೀರು, ಸುತ್ತಲಿನ ಬಾಳೆ ತೋಟಗಳಿಗೂ ಕಾಲುವೆಯೇ ಆಧಾರ ಎಂದು ತಿಳಿಸುವ ಫಲಕವೇನೂ ನನ್ನ ಕಣ್ಣಿಗೆ ಬೀಳಲಿಲ್ಲ.

ಅರಮನೆಯ ಆವರಣದಲ್ಲಿ ಕಂಬಗಳ ಮೇಲೆ ನಿಂತ, ನೀರು ಹರಿಸುತ್ತಿದ್ದ ಕಲ್ಲಿನ ದೋಣಿ ಮತ್ತು ಮೆಟ್ಟಿಲ ಪುಷ್ಕರಣಿಯನ್ನು ಎಲ್ಲ ಗೈಡುಗಳೂ ತೋರಿಸುತ್ತಾರೆ. ಆ ದೋಣಿ ಒಣಗಿ ಶತಮಾನಗಳೇ ಸಂದಿವೆ. ಆದರೆ ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಗೆ ಅಣೆ ಹಾಕಿ ತಿರುಗಿಸಿದ, ದೇವಾಲಯಗಳ ಭಾಗಕ್ಕೂ ಅರಮನೆಯ ಭಾಗಕ್ಕೂ ನಡುವಿನ ಕಣಿವೆಯಲ್ಲಿ ಇಂದಿಗೂ ಹರಿದು ಗದ್ದೆಗೆ ನೀರುಣಿಸುವ ‘ತುರ್ತು’ ಎಂಬ ಹೆಸರಿನ ಕಾಲುವೆಯನ್ನು ಪ್ರವಾಸಿಗರು ವಾಹನದಲ್ಲಿ ಕುಳಿತೇ ದಾಟಿಬಿಡುತ್ತಾರೆ. ಅರಸನೊಬ್ಬ ಹೊಳೆಗೆ ಅಣೆ ಕಟ್ಟಿಸಿ ನಗರಕ್ಕೆ ನೀರು ತಂದದ್ದನ್ನು 16ನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟಿದ್ದಾನೆ. ಪರದೇಶದವನಿಗೆ ಮುಖ್ಯವೆನಿಸಿದ್ದು ನಮ್ಮ ಪ್ರವಾಸದ ಪಟ್ಟಿಯಲ್ಲಿ ಇಲ್ಲದಿರುವುದು ನನಗೆ ವಿಚಿತ್ರವಾಗಿ ತೋರುತ್ತದೆ.

ಹೊಸದಾಗಿ ಏನನ್ನೂ ಕಟ್ಟಿಸಿ ಎಂದು ನಾನು ಕೇಳುತ್ತಿಲ್ಲ. ಕಟ್ಟಬೇಡಿ ಎಂದೇ ಕೇಳುತ್ತಿದ್ದೇನೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿ, ಸೇತುವೆ ಕಾಮಗಾರಿಗಳ ದೆಸೆಯಿಂದ 1999ರಿಂದ 2006ರವರೆಗೆ ಅಪಾಯದ ಪಟ್ಟಿಯಲ್ಲಿದ್ದುದು ತಮಗೆ ತಿಳಿದೇ ಇದೆ. ಕಾಲುವೆಯ ದಂಡೆಯಲ್ಲಿ ರೈತರು ಓಡಾಡುವ ಕಾಲುದಾರಿ ಈಗಾಗಲೇ ಇದೆ. ರೈತರ ಒಪ್ಪಿಗೆ ಪಡೆದು, ಬೈಕುಗಳನ್ನು ದೂರವಿಟ್ಟು, ಬೆಳಗಿನ ಹೊತ್ತು ಸಣ್ಣ ಗುಂಪುಗಳು ಆ ದಾರಿಯಲ್ಲಿ ನಡೆಯುವ ವ್ಯವಸ್ಥೆಯಾದರೆ ಸಾಕು. ಜೊತೆಗೆ ಸ್ಥಳೀಯ ನೀರುಗಂಟಿಯೊಬ್ಬರು ಇರಲಿ, ಅವರಿಗೆ ತಕ್ಕ ಸಂಭಾವನೆ ಸಲ್ಲಲಿ. ಯಾವ ತೂಬನ್ನು ಯಾವಾಗ ಎತ್ತಬೇಕು, ಕೊನೆಯ ಗದ್ದೆಗೆ ನೀರು ತಲುಪದಿದ್ದರೆ ಯಾರ ಮನೆ ಬಾಗಿಲು ತಟ್ಟಬೇಕು ಎಂಬುದನ್ನು ಅವರಷ್ಟು ಚೆನ್ನಾಗಿ ಯಾವ ಗೈಡೂ ಹೇಳಲಾರ. ದಂಡೆಗೆ ಟೈಲ್ಸ್, ಬಣ್ಣದ ದೀಪ, ಸೆಲ್ಫಿ ಕಟ್ಟೆ ಮಾತ್ರ ದಯವಿಟ್ಟು ಬೇಡ.

ಇಷ್ಟಕ್ಕೆ ಸಮಯ ಹಿಡಿಯುವುದಾದರೆ, ಮುಂದಿನ ಹಂಪಿ ಉತ್ಸವದೊಳಗೆ ಬಡವಿಲಿಂಗದ ಬಳಿ, ಆ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಕನ್ನಡದಲ್ಲಿ ನಾಲ್ಕು ಸಾಲು ಬರೆಸಬೇಕೆಂದು ಕೋರುತ್ತೇನೆ.

ಇಂತಿ,
ಹೊಸಪೇಟೆಯ ನಿವಾಸಿ